ಬಾಡಿಗೆಮನೆಯ ಅತಿಥಿಗಳಿಗೆ ಬುತ್ತಿ: ಮಾಡಿ ನೋಡಿದವರ ಅನುಭವ

ಕೇಳಿದ್ದು: ನಮ್ಮ ಮನೆಯ ಒಂದು ಭಾಗವನ್ನು ಪ್ರವಾಸಿಗರಿಗೆ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಅಲ್ಲಿ ಒಲೆ, ಫ್ರಿಜ್, ಮೈಕ್ರೋವೇವ್ ಎಲ್ಲವೂ ಇದ್ದರೂ, ದೂರದಿಂದ ಬಂದವರು ಮೊದಲ ರಾತ್ರಿಯ ಊಟಕ್ಕೆ ಏನು ಮಾಡುವುದೆಂದು ಕೇಳುತ್ತಲೇ ಇರುತ್ತಾರೆ. ಬಿಸಿಮಾಡಿಕೊಂಡು ಉಣ್ಣುವಂಥ ಊಟವನ್ನು ಡಬ್ಬಿಗಳಲ್ಲಿ ತುಂಬಿ, ಬೇರೆ ಬೆಲೆಗೆ ಕೊಡೋಣವೆಂದುಕೊಂಡಿದ್ದೇವೆ. ಈ ಕೆಲಸ ಮಾಡಿದವರು ದಯವಿಟ್ಟು ಸಲಹೆ ಕೊಡಿ.

ಮೊದಲ ಉತ್ತರ: ಖಂಡಿತ ಮಾಡಿ, ಆದರೆ ಮೊದಲ ರಾತ್ರಿಗೆ ಮಾತ್ರ ಮಾಡಿ ಎಂಬುದು ನನ್ನ ಸಲಹೆ. ಪ್ರಯಾಣದಿಂದ ದಣಿದು, ಮಕ್ಕಳನ್ನೂ ಸಾಮಾನನ್ನೂ ಹೊತ್ತು, ಕತ್ತಲಾದ ಮೇಲೆ ಬಾಗಿಲು ತೆರೆಯುವ ಕುಟುಂಬಕ್ಕೆ ಫ್ರಿಜ್‌ನಲ್ಲಿ ಸಿದ್ಧವಾಗಿರುವ ಊಟದಷ್ಟು ನೆಮ್ಮದಿ ಕೊಡುವುದು ಬೇರೊಂದಿಲ್ಲ. ಮರುದಿನದಿಂದ ಅವರು ಸುತ್ತಾಡಲು ಹೊರಡುತ್ತಾರೆ, ಊಟದ ಹೊತ್ತು ಬದಲಾಗುತ್ತದೆ, ಹೊರಗೆ ತಿನ್ನುವ ಮನಸ್ಸಾಗುತ್ತದೆ. ಆಗ ನೀವು ಮಾಡಿಟ್ಟದ್ದು ಉಳಿಯುತ್ತದೆ. ಪ್ರತಿದಿನದ ಊಟವನ್ನು ಒಪ್ಪಿಕೊಂಡ ಮನೆಯವರು ಕ್ರಮೇಣ ಅಡುಗೆಯವರಾಗಿಬಿಡುತ್ತಾರೆ, ಮನೆಯ ಸ್ವಚ್ಛತೆ ಮತ್ತು ದುರಸ್ತಿಯ ಕಡೆಗೆ ಗಮನ ತಗ್ಗುತ್ತದೆ. ಅತಿಥಿಗಳು ಮೊದಲು ಹಣ ಕೊಡುವುದು ಮನೆಗಾಗಿ ಎಂಬುದನ್ನು ಮರೆಯಬಾರದು.

ಬುಕಿಂಗ್ ಖಚಿತವಾದ ಕೂಡಲೇ ಕೇಳಿ, ಬರುವುದಕ್ಕೆ ಎರಡು ದಿನ ಮೊದಲು ಉತ್ತರ ಬಂದಿರಬೇಕೆಂದು ತಿಳಿಸಿ, ಉತ್ತರ ಬಾರದಿದ್ದರೆ ಅಡುಗೆ ಮಾಡಬೇಡಿ. ಆಯ್ಕೆ ಎರಡು ಅಥವಾ ಮೂರಕ್ಕಿಂತ ಹೆಚ್ಚಿರದಿರಲಿ. ಅವುಗಳಲ್ಲಿ ಒಂದಾದರೂ ಸಸ್ಯಾಹಾರವಾಗಿರಲಿ, ಮಕ್ಕಳು ತಿನ್ನಬಲ್ಲ ಖಾರವಿಲ್ಲದ್ದೂ ಒಂದಿರಲಿ. ಬೆಲೆ ಹಾಕುವಾಗ ಸಾಮಗ್ರಿಯ ಜೊತೆಗೆ ಡಬ್ಬಿ, ಇಂಧನ ಮತ್ತು ನಿಮ್ಮ ಶ್ರಮದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಊಟವನ್ನು ಬಾಡಿಗೆಯೊಳಗೇ ಸೇರಿಸಿ ಉಚಿತವೆಂದು ಹೇಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬೇಡವಾದವರೂ ಅದರ ಭಾರ ಹೊರಬೇಕಾಗುತ್ತದೆ.

ಎರಡನೆಯ ಉತ್ತರ: ಮೇಲಿನವರ ಮಾತು ಸರಿಯಾಗಿದೆ, ಆದರೆ ಬೆಲೆ ಮತ್ತು ಆಯ್ಕೆಗಿಂತ ಮೊದಲು ಆಹಾರ ಕೆಡದಂತೆ ನೋಡಿಕೊಳ್ಳುವ ವಿಷಯ ಬರಬೇಕು. ನಾನು ಹಿಂದೆ ದೊಡ್ಡ ಅಡುಗೆಮನೆಯೊಂದರಲ್ಲಿ ಕೆಲಸ ಮಾಡಿದವಳಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಬಿಸಿಯಾಗಿ ಬಡಿಸಿ ಅಲ್ಲೇ ಉಣ್ಣುವ ಊಟಕ್ಕೂ, ಮಾಡಿ, ತಣಿಸಿ, ಇಟ್ಟು, ಬೇರೊಬ್ಬರು ಬಿಸಿಮಾಡಿ ಉಣ್ಣುವ ಊಟಕ್ಕೂ ಬಹಳ ಅಂತರವಿದೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ಬೇಗನೆ ಹೆಚ್ಚುತ್ತವೆ; ತಣಿಯುವಾಗ ಆಹಾರ ಈ ಹಂತವನ್ನು ಆದಷ್ಟು ಬೇಗ ದಾಟಬೇಕು. ಆಳವಾದ ಪಾತ್ರೆಯಲ್ಲಿ ಹಾಗೆಯೇ ಬಿಟ್ಟ ಅಡುಗೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದನ್ನು ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ತೆಳ್ಳಗೆ ಹರಡಿ, ಬೇಕಾದರೆ ತಳಕ್ಕೆ ಮಂಜುಗಡ್ಡೆಯ ನೀರಿಟ್ಟು ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಅನ್ನದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ ಉಳಿಯಬಲ್ಲವು. ಬೆಂದ ಅನ್ನ ಹೊರಗೇ ಉಳಿದರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷವನ್ನು ಮತ್ತೆ ಬಿಸಿಮಾಡಿದರೂ ನಾಶಮಾಡಲಾಗದು. ಆದ್ದರಿಂದ ಚೆನ್ನಾಗಿ ಬಿಸಿಮಾಡಿದರೆ ಸಾಕು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಗಾಳಿ ತೆಗೆದು ಮುಚ್ಚುವ ಯಂತ್ರವನ್ನು ಕೊಳ್ಳುವ ಯೋಚನೆಯಿದ್ದರೆ, ಆಮ್ಲಜನಕವಿಲ್ಲದ ಚೀಲದಲ್ಲಿ ಬೊಟುಲಿಸಂ ಎಂಬ, ಪ್ರಾಣಕ್ಕೇ ಕುತ್ತಾಗಬಲ್ಲ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದೆಂಬುದೂ ನೆನಪಿರಲಿ; ಹಾಗೆ ಮುಚ್ಚಿದ ಆಹಾರವನ್ನು ಹೊರಗಿಡುವಂತಿಲ್ಲ.

ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರ್ ಮೈನಸ್ 18 ಡಿಗ್ರಿ ಇರಬೇಕು. ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದನ್ನು ಕೊಂಡರೆ ಊಹಿಸುವ ಅಗತ್ಯವಿರುವುದಿಲ್ಲ. ಬೇಯಿಸಿದ ಆಹಾರವನ್ನು ಫ್ರಿಜ್‌ನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನ ಇಡಬಹುದಾದರೂ, ಅತಿಥಿಗಳಿಗೆ ಕೊಡುವುದನ್ನು ನಾನು ಹಿಂದಿನ ದಿನಕ್ಕಿಂತ ಮೊದಲು ಮಾಡುವುದಿಲ್ಲ. ಬಿಸಿಮಾಡುವಾಗ ನಡುಭಾಗವೂ 74 ಡಿಗ್ರಿ ತಲುಪಬೇಕು. ಮೈಕ್ರೋವೇವ್ ಎಲ್ಲ ಕಡೆ ಸಮನಾಗಿ ಬಿಸಿಮಾಡುವುದಿಲ್ಲವಾದ್ದರಿಂದ ನಡುವೆ ಒಮ್ಮೆ ಕಲಕಬೇಕೆಂದು ಬರೆದೇ ಕೊಡಿ.

ಮೂರನೆಯ ಉತ್ತರ: ನನ್ನದು ಲೇಬಲ್‌ನ ಬಗ್ಗೆ ಸಣ್ಣ ಮಾತು. ಊಟದ ಹೆಸರು, ಮಾಡಿದ ದಿನ, ಯಾವಾಗಿನೊಳಗೆ ಉಣ್ಣಬೇಕು, ಹೇಗೆ ಬಿಸಿಮಾಡಬೇಕು, ಹಾಕಿದ ಎಲ್ಲ ಸಾಮಗ್ರಿಗಳು, ಇಷ್ಟೂ ಡಬ್ಬಿಯ ಮೇಲೆ ಇರಲಿ. ಹಾಲು, ಮೊಟ್ಟೆ, ಮೀನು, ಸಿಗಡಿ ಮತ್ತು ಏಡಿ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು ಇವುಗಳಲ್ಲಿ ಯಾವುದಿದ್ದರೂ ದಪ್ಪ ಅಕ್ಷರದಲ್ಲಿ ಬರೆಯಿರಿ. ತೀವ್ರ ಅಲರ್ಜಿಯಿದೆಯೆಂದು ಯಾರಾದರೂ ತಿಳಿಸಿದರೆ, ಒಂದೇ ಅಡುಗೆಮನೆಯಲ್ಲಿ ಎಲ್ಲವನ್ನೂ ಮಾಡುತ್ತಿರುವುದನ್ನು ಸ್ಪಷ್ಟವಾಗಿ ಹೇಳಿ ಊಟವನ್ನು ನಿರಾಕರಿಸುವುದೇ ಗೌರವದ ದಾರಿ. ಅವರು ಬೇಸರಪಡುವುದಿಲ್ಲ, ಬದಲಿಗೆ ಕೃತಜ್ಞರಾಗಿರುತ್ತಾರೆಂಬುದನ್ನು ನಾನು ಕಂಡಿದ್ದೇನೆ. ಡಬ್ಬಿಗಳು ಮೈಕ್ರೋವೇವ್‌ಗೆ ತಕ್ಕವೇ ಎಂಬುದನ್ನೂ ನೋಡಿಕೊಳ್ಳಿ.

ನಾಲ್ಕನೆಯ ಉತ್ತರ: ಇದುವರೆಗೆ ಯಾರೂ ಎತ್ತದ ಪ್ರಶ್ನೆಯೊಂದಿದೆ: ನಿಮಗೆ ಇದಕ್ಕೆ ಅನುಮತಿಯಿದೆಯೇ? ಮನೆಯನ್ನು ಬಾಡಿಗೆಗೆ ಕೊಡಲು ಪಡೆದ ಪರವಾನಗಿ ಆಹಾರ ಮಾರುವುದಕ್ಕೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಹಣ ಪಡೆದು ಆಹಾರ ಕೊಡುವವರು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಅನೇಕ ಕಡೆ ಇದೆ. ಸ್ಥಳೀಯ ಆಹಾರ ಸುರಕ್ಷತಾ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಾಗೆಯೇ ನಿಮ್ಮ ಮನೆಯ ವಿಮೆಯ ಷರತ್ತುಗಳನ್ನು ಓದಿ, ನೀವು ಕೊಟ್ಟ ಆಹಾರದಿಂದ ಅತಿಥಿಯ ಆರೋಗ್ಯ ಕೆಟ್ಟರೆ ಪರಿಹಾರ ಸಿಗುತ್ತದೆಯೇ ಎಂದು ವಿಮಾ ಕಂಪನಿಯನ್ನು ನೇರವಾಗಿ ವಿಚಾರಿಸಿ.

ಈ ಎರಡರಲ್ಲೊಂದು ತೊಡಕಾದರೂ ಬುತ್ತಿಯ ಆಲೋಚನೆಯನ್ನು ಕೈಬಿಡಬೇಕಾಗಿಲ್ಲ. ನಾವು ಪರವಾನಗಿಯಿರುವ ಅಡುಗೆಯವರೊಬ್ಬರೊಂದಿಗೆ ಮಾತಾಡಿಕೊಂಡಿದ್ದೇವೆ. ಅತಿಥಿಗಳು ಅವರಿಗೇ ಹೇಳಿ, ಅವರಿಗೇ ಹಣ ಕೊಡುತ್ತಾರೆ, ಊಟ ಅತಿಥಿಗಳು ಬರುವ ಹೊತ್ತಿಗೆ ಮನೆ ಸೇರುತ್ತದೆ. ನಮಗೆ ಅದರಿಂದ ಲಾಭವಿಲ್ಲ, ಆದರೆ ಕೇಳಿದವರಿಗೆ ಮೊದಲ ರಾತ್ರಿ ಊಟವಿದೆ ಎಂದು ಧೈರ್ಯವಾಗಿ ಹೇಳಬಹುದು. ಅದೂ ಆಗದಿದ್ದರೆ, ಕಂಪನಿಯೇ ಮುಚ್ಚಿ ಕೊಟ್ಟ ಪೊಟ್ಟಣಗಳನ್ನು ಒಡೆಯದೆ ಹಾಗೆಯೇ ಕಪಾಟಿನಲ್ಲಿಟ್ಟು, ಜೊತೆಗೆ ರಾತ್ರಿ ತಡವಾಗಿ ತೆರೆದಿರುವ ಊಟದ ಜಾಗಗಳ ಪಟ್ಟಿಯನ್ನು ಮುಚ್ಚುವ ವೇಳೆಯ ಸಮೇತ ಬರೆದಿಡಿ.