ಗಿಡ ಇರುವ ಮರಳುನೆಲ ಕಪ್ಪಗೆ ಕಾಣುತ್ತದೆ, ಹಾಗಾದರೆ ಅದೇ ಜಾಸ್ತಿ ಕಾಯಬೇಕಲ್ವಾ?

ಪ್ರಶ್ನೆ: ಸರ್, ಈಜಿಪ್ಟ್–ಇಸ್ರೇಲ್ ಗಡಿಯ ಉಪಗ್ರಹ ಚಿತ್ರ ನೋಡಿದೆ. ಒಂದು ಕಡೆ ಈಜಿಪ್ಟಿನ ಸಿನಾಯ್ ಬೆಳ್ಳಗೆ, ಇನ್ನೊಂದು ಕಡೆ ಇಸ್ರೇಲಿನ ನೆಗೆವ್ ಕಪ್ಪಗೆ. ಮಧ್ಯೆ ಗೆರೆ ಎಳೆದ ಹಾಗಿದೆ. ಮರಳು ಎರಡೂ ಕಡೆ ಒಂದೇ, ನೆಗೆವ್‌ನಲ್ಲಿ ಕುರುಚಲು ಗಿಡ ಜಾಸ್ತಿ ಅಂತೆ. ಕಪ್ಪು ಬಣ್ಣ ಬಿಸಿಲು ಹೀರುತ್ತದೆ ತಾನೆ? ಹಾಗಾದರೆ ಗಿಡ ಇರುವ ಕಡೆಯೇ ಬಿಸಿ ಜಾಸ್ತಿ ಇರಬೇಕಲ್ವಾ?

ಉತ್ತರ: ಹೀರುವುದು ಜಾಸ್ತಿ, ನಿಜ. ಅಷ್ಟಕ್ಕೇ ಅಲ್ಲಿ ನೆಲವೂ ಜಾಸ್ತಿ ಕಾಯುತ್ತದೆ ಅಂತ ಹೇಳಲಾಗುವುದಿಲ್ಲ. ಈ ವಿಷಯಕ್ಕೆ ವಿಜ್ಞಾನಿಗಳ ನಡುವೆಯೇ ವಾದ ನಡೆದಿದೆ. 1974ರಲ್ಲಿ ಜೋಸೆಫ್ ಆಟರ್‌ಮನ್ ಇದೇ ಗಡಿಯನ್ನು ತೋರಿಸಿ ಹೀಗೆಂದರು: ಸಿನಾಯ್ ಕಡೆಯಂತೆ ಕುರಿ-ಮೇಕೆ ಮೇಯ್ದು ನೆಲ ಬರಿದಾದರೆ ಬಿಸಿಲು ಜಾಸ್ತಿ ವಾಪಸ್ ಹೋಗುತ್ತದೆ, ನೆಲ ತಂಪಾಗುತ್ತದೆ, ಗಾಳಿ ಮೇಲೇಳುವುದು ಕುಗ್ಗಿ ಮಳೆಯೂ ಕಡಿಮೆಯಾಗಬಹುದು. ಮರುವರ್ಷವೇ ಜಾಕ್ಸನ್ ಮತ್ತು ಇಡ್ಸೊ ಅಮೆರಿಕದ ಸೊನೊರಾ ಮರುಭೂಮಿಯ ಅಳತೆ ಮುಂದಿಟ್ಟು, ಬರಿ ನೆಲವೇ ಹೆಚ್ಚು ಬಿಸಿ ಎಂದರು. ನೆಲದ ಬಿಸಿಯ ಮಟ್ಟಿಗೆ ನನ್ನ ಓಟು ಇವರಿಗೆ.

ಯಾಕೆಂದರೆ ಹೀರಿದ ಶಾಖ ಹೊರಗೆ ಹೋಗುವ ದಾರಿಯನ್ನೂ ನೋಡಬೇಕು. ಒಣ ಮರಳು ಶಾಖವನ್ನು ಆಳಕ್ಕೆ ಇಳಿಸುವುದಿಲ್ಲ, ನುಣುಪಾಗಿರುವುದರಿಂದ ಗಾಳಿಗೂ ಸರಿಯಾಗಿ ಕೊಡುವುದಿಲ್ಲ. ಮೇಲ್ಪದರವೇ ಕಾದು ಕೂರುತ್ತದೆ. ಗಿಡಗಳಿದ್ದರೆ ನೆಲಕ್ಕೆ ನೆರಳು ಬೀಳುತ್ತದೆ. ಬಿಸಿಲು ಹೀರುವುದು ನೆಲದಿಂದ ಮೇಲಿರುವ ಸಣ್ಣ ಎಲೆ, ಕಡ್ಡಿಗಳು. ಸುತ್ತ ಗಾಳಿ ಆಡುವುದರಿಂದ ಅವು ಬೇಗ ಶಾಖ ಬಿಟ್ಟುಬಿಡುತ್ತವೆ. ಗಿಡ ವಿರಳವಾಗಿದ್ದರೂ ಗಾಳಿ ತಡೆದು ಸುಳಿಯುತ್ತದೆ, ಅದೇ ಮುಖ್ಯ. ಬೇಸಿಗೆಯಲ್ಲಿ ನೀರೇ ಇಲ್ಲದಿರುವಾಗ ಎಲೆಗಳಿಂದ ನೀರು ಆವಿಯಾಗಿ ಸಿಗುವ ತಂಪು ತೀರಾ ಕಡಿಮೆ.

ಇನ್ನೊಂದು ಸಂಗತಿ: ಬೆಳಿಗ್ಗೆ, ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಈ ನೆರಳುಗಳು ಉದ್ದವಾಗಿ ಚಾಚುತ್ತವೆ. ಮೇಲಿಂದ ನೋಡಿದರೆ ಗಿಡ ಮುಚ್ಚಿರುವುದು ಸ್ವಲ್ಪವೇ ಜಾಗ. ಆದರೆ ಆ ಹೊತ್ತಿನಲ್ಲಿ ಅವು ತಡೆಯುವ ಬಿಸಿಲು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಪ್ರಶ್ನೆ: ಅಂದರೆ ಆ ಕಪ್ಪು ಪೂರ್ತಿ ಗಿಡದ್ದೇನಾ ಸರ್? ಇಷ್ಟು ವಿರಳ ಗಿಡಕ್ಕೆ ಅಷ್ಟು ಕಪ್ಪು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ಗಿಡಗಳ ನಡುವಿನ ಮರಳಿನ ಮೇಲೆ ಸಯನೋಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ತೆಳುವಾದ ಕಪ್ಪು ಹೊಪ್ಪಳಿಕೆ ಕಟ್ಟುತ್ತವೆ. ಕುರಿ-ಮೇಕೆ ತುಳಿದರೆ ಅದು ಒಡೆದು ಕೆಳಗಿನ ಬಿಳಿ ಮರಳು ಮೇಲೆ ಬರುತ್ತದೆ. ಈ ಗಡಿಯ ಬಣ್ಣದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಹೊಪ್ಪಳಿಕೆಯೇ ಎಂದು ಕಾರ್ನಿಯೆಲಿ ಮತ್ತು ಟ್ಸೋರ್ 1995ರಲ್ಲಿ ಬರೆದರು. ಹೊಪ್ಪಳಿಕೆಯೂ ಬಿಸಿಲು ಹೀರುತ್ತದೆ, ಆದರೆ ನೆರಳು ಕೊಡುವುದಿಲ್ಲ, ಗಾಳಿಯನ್ನೂ ತಡೆಯುವುದಿಲ್ಲ. ಹಾಗಾಗಿ ಬಣ್ಣ ನೋಡಿ ಬಿಸಿಯ ಲೆಕ್ಕ ಹಾಕಬೇಡಿ.

ಪ್ರಶ್ನೆ: ಗಿಡದ ಬದಲು ಮರವೇ ಬೆಳೆಸಿದರೆ?

ಉತ್ತರ: ನೆಗೆವ್ ಅಂಚಿನ ಯಾತಿರ್ ಕಾಡು ನೋಡಿ. 1960ರ ದಶಕದಲ್ಲಿ ನೆಟ್ಟ ಪೈನ್ ಕಾಡು, ವರ್ಷದ ಮಳೆ 280 ಮಿಲಿಮೀಟರ್ ಆಸುಪಾಸು. ಸುತ್ತಲಿನ ಕುರುಚಲಿಗಿಂತ ಸುಮಾರು ಶೇ. 10ರಷ್ಟು ಬಿಸಿಲು ಹೆಚ್ಚು ಹೀರುತ್ತದೆ. ಆದರೂ ಮರಗಳ ಮೇಲ್ಮೈ ಸುತ್ತಲಿಗಿಂತ ಸುಮಾರು 5 ಡಿಗ್ರಿ ತಂಪು ಎಂದು ರೋಟೆನ್‌ಬರ್ಗ್ ಮತ್ತು ಯಾಕಿರ್ 2010ರಲ್ಲಿ ತೋರಿಸಿದರು. ಆ ಶಾಖ ಮಾಯವಾಗುವುದಿಲ್ಲ, ಮೇಲಿನ ಗಾಳಿಗೆ ಹೋಗುತ್ತದೆ. ಅದಕ್ಕೇ ಮರ ನೆಟ್ಟರೆ ಊರೆಲ್ಲ ತಂಪು ಅಂತ ಸುಮ್ನೆ ಹೇಳಲು ನನಗೆ ಧೈರ್ಯ ಬರುವುದಿಲ್ಲ.