ಎಐ ಬಂದ ಮೇಲೆ ಡಿಟಿಪಿ ಕೆಲಸ ಉಳಿಯುತ್ತಾ? ಅನುಭವ ಇರುವವರು ಹೇಳಿ

ಪ್ರಶ್ನೆ: ಮಂಡ್ಯದಲ್ಲಿ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಈಗ ಹುಡುಗರು ಅರ್ಜಿಯನ್ನು ಚಾಟ್‌ಜಿಪಿಟಿಯಲ್ಲೇ ಬರೆಸಿಕೊಂಡು ಬರುತ್ತಾರೆ, ಪ್ರಿಂಟ್ ಮಾತ್ರ ನನ್ನ ಹತ್ತಿರ. ನಾನು ಹಿಂದೆ ಬಿದ್ದೆನಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ದುಡ್ಡು ಕಟ್ಟಿ ಎಐ ಕೋರ್ಸ್ ಸೇರಬೇಕಾ?

ಮೈಸೂರಿನಿಂದ: ಅಕ್ಕಾ, ನಾನೂ ಇದೇ ಕಸುಬಿನವನು. ಕೋರ್ಟ್ ಹತ್ತಿರ ಕ್ರಯಪತ್ರ, ಕರಾರುಪತ್ರ ಟೈಪ್ ಮಾಡುತ್ತೇನೆ. ನಿಮ್ಮ ಭಯ ಸುಳ್ಳಲ್ಲ. ರಜಾ ಅರ್ಜಿ, ಬಯೋಡೇಟಾ ಟೈಪಿಂಗ್ ನನಗೂ ಕಮ್ಮಿ ಆಗಿದೆ. ಅದು ವಾಪಸ್ ಬರುತ್ತೆ ಅಂತ ಕಾಯಬೇಡಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಅದರ ಕನ್ನಡ ಅಷ್ಟಕ್ಕಷ್ಟೇ. ಈಗ ಅರ್ಜಿ ಮಟ್ಟಕ್ಕೆ ಚೆನ್ನಾಗೇ ಬರೆಯುತ್ತೆ.

ಆದರೆ ಜಮೀನಿನ ಕಾಗದ ಕೊಟ್ಟು ನೋಡಿ. ಮೊನ್ನೆ ಒಬ್ಬರು ಪಹಣಿ ಫೋಟೋ ಹಾಕಿ ಕರಾರುಪತ್ರ ಬರೆಸಿಕೊಂಡು ಬಂದಿದ್ದರು. ಪಹಣಿಯಲ್ಲಿ ವಿಸ್ತೀರ್ಣ 1.20 ಅಂತಿತ್ತು. ನಮಗೆ ಗೊತ್ತು, ಅದು 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದರೆ ಒಟ್ಟು 60 ಗುಂಟೆ, ಒಂದೂವರೆ ಎಕರೆ ಆಯ್ತು. ಎಐ ಅದನ್ನು ದಶಮಾಂಶ ಅಂದುಕೊಂಡು 48 ಗುಂಟೆ ಅಂತ ಲೆಕ್ಕ ಹಾಕಿತ್ತು. ರೈತನ 12 ಗುಂಟೆ ಕಾಗದದಲ್ಲೇ ಮಾಯ! ಬರವಣಿಗೆ ಮಾತ್ರ ಎಲ್ಲೂ ತಡವರಿಸಿರಲಿಲ್ಲ. ಮುಂದೆ ಯಾವ ಪದ ಬರಬಹುದು ಅಂತ ಊಹಿಸುತ್ತಾ ಬರೆಯೋದು ಅದರ ರೀತಿ. ಹಾಗಾಗಿ ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಹಾಗೇ ಬರೆದುಬಿಡುತ್ತೆ. ಅದೇ ರಿಜಿಸ್ಟರ್ ಆಗಿದ್ದರೆ ತಿದ್ದುಪಡಿ ಪತ್ರಕ್ಕೆ ಆ ಮನೆಯವರು ಎಷ್ಟು ಅಲೆಯಬೇಕಿತ್ತು ಹೇಳಿ.

ಈಗ ನಾನು ಓದಿ ತಾಳೆ ನೋಡಿಕೊಡುವುದಕ್ಕೂ ದುಡ್ಡು ಕೇಳುತ್ತೇನೆ. ಸರ್ವೆ ನಂಬರ್, ಚಕ್ಕುಬಂದಿ (ಜಮೀನಿನ ನಾಲ್ಕೂ ದಿಕ್ಕಿನ ಗಡಿ), ಆಧಾರ್‌ನಲ್ಲಿರುವ ಹೆಸರು, ಎಲ್ಲ ಮೂಲ ಕಾಗದ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ಜನ ಕೊಡುತ್ತಾರೆ ಅಕ್ಕಾ, ಬೇಜಾರು ಮಾಡಿಕೊಳ್ಳೋದಿಲ್ಲ. ಕರಡು ಬರೆಯೋಕೆ ನಾನೂ ಎಐ ಬಳಸುತ್ತೇನೆ. ಹಳೇ ನುಡಿ ಫಾಂಟ್‌ನ ಫೈಲ್ ಇದ್ದರೆ ಎಐಗೆ ಕೊಡುವ ಮೊದಲು ಯೂನಿಕೋಡ್‌ಗೆ (ಈಗ ಎಲ್ಲ ಕಡೆ ಓದಲು ಬರುವ ಅಕ್ಷರ ಪದ್ಧತಿ) ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಬರೀ ಚಿತ್ರವಿಚಿತ್ರ ಅಕ್ಷರ ಬರುತ್ತೆ. ಗಿರಾಕಿಗಳ ಆಧಾರ್ ನಂಬರ್, ಬ್ಯಾಂಕ್ ವಿವರ ಮಾತ್ರ ಅದಕ್ಕೆ ಹಾಕಲೇಬೇಡಿ. ಅವರು ನಿಮ್ಮನ್ನು ನಂಬಿ ಕೊಟ್ಟಿರುತ್ತಾರೆ.

ಮದ್ದೂರಿನಿಂದ: ನಮ್ಮ ತಂದೆ ಕಚೇರಿ ಮುಂದೆ ಅರ್ಜಿ ಬರೆದುಕೊಡುತ್ತಿದ್ದರು. 2000ರ ಸುಮಾರಿಗೆ ಸರ್ಕಾರದ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋದಾಗ ಮನೆಯಲ್ಲಿ ಇದೇ ಚಿಂತೆ. ಆದರೂ ಜನ ಆ ಪ್ರಿಂಟ್ ಹಿಡಿದುಕೊಂಡು ಅವರ ಹತ್ತಿರವೇ ಬರುತ್ತಿದ್ದರು, ಯಾವ ಕಾಲಂನಲ್ಲಿ ಏನಿದೆ ಅಂತ ಕೇಳೋಕೆ.

ಹೆಬ್ಬಾಳದಿಂದ: ನಾನು ಸಾಫ್ಟ್‌ವೇರ್‌ನಲ್ಲಿದ್ದೀನಿ, ಇಲ್ಲೂ ಎಲ್ಲರಿಗೂ ಭಯ ಇದೆ. ದಿನಾ ಎಐ ಸುದ್ದಿ ನೋಡೋದು ಬಿಟ್ಟ ಮೇಲೆ ನನಗೆ ನಿದ್ದೆ ಸರಿಹೋಯಿತು. ಕೋರ್ಸ್‌ಗೆ ಈಗಲೇ ದುಡ್ಡು ಕಟ್ಟಬೇಡಿ ಅಕ್ಕಾ. ಚಾಟ್‌ಜಿಪಿಟಿ, ಜೆಮಿನಿ ಎರಡೂ ಫ್ರೀಯಾಗಿ ಸಿಗುತ್ತವೆ, ಕನ್ನಡದಲ್ಲೇ ಕೇಳಬಹುದು. ನಿಮ್ಮ ಅಂಗಡಿಗೆ ಜಾಸ್ತಿ ಬರುವ ಒಂದು ಅರ್ಜಿ ತಗೊಂಡು ಅದರಲ್ಲೇ ಶುರು ಮಾಡಿ. ಎಲ್ಲಿ ಸಿಕ್ಕಿಹಾಕಿಕೊಂಡರೂ ಇಲ್ಲೇ ಬರೆಯಿರಿ, ನಾನು ನೋಡಿ ಹೇಳುತ್ತೇನೆ.