ಮಲಗಿರುವ ಇಲಿಯ ಮಿದುಳಿನಿಂದ ದಿಕ್ಕು ಓದಿದರೆ, ಅದು ಸರಿ ಅಂತ ಗೊತ್ತಾಗೋದು ಹೇಗೆ?

ಕಡಲತಡಿ:
ತಲೆ ಯಾವ ಕಡೆ ತಿರುಗಿದೆ ಅಂತ ತಿಳಿಸುವ ನರಕೋಶಗಳ ಬಗ್ಗೆ ಓದುತ್ತಿದ್ದೇನೆ. ಇಲಿ ಓಡಾಡುವಾಗ ತಲೆ ಮೇಲಿನ ಎಲ್‌ಇಡಿಗಳನ್ನು ಕ್ಯಾಮೆರಾ ಹಿಡಿಯುತ್ತಿರುತ್ತದೆ, ಕೋಶಗಳಿಂದ ಓದಿದ ದಿಕ್ಕನ್ನು ಅದರ ಜೊತೆ ತಾಳೆ ನೋಡಬಹುದು. ಆದರೆ ನಿದ್ದೆಯಲ್ಲೂ ಓದಿದ್ದಾರಂತೆ. ಆಗ ತಲೆ ಅಲ್ಲಾಡುವುದೇ ಇಲ್ಲ, ತಾಳೆ ನೋಡುವುದು ಯಾವುದಕ್ಕೆ?

ಗಿಡುಗ:
ಮೊದಲು ಎಚ್ಚರದ ಕಥೆ. 1984ರಲ್ಲಿ ಜೇಮ್ಸ್ ರ‍್ಯಾಂಕ್ ಇಲಿಗಳಲ್ಲಿ ಈ ಕೋಶಗಳನ್ನು ಕಂಡರು. ಒಂದೊಂದಕ್ಕೂ ಒಂದೊಂದು ಇಷ್ಟದ ದಿಕ್ಕು. ತಲೆ ಆ ಕಡೆ ತಿರುಗಿದರೆ ಜೋರಾಗಿ ಮಿಡಿಯುತ್ತವೆ (ಅಂದರೆ ಪದೇ ಪದೇ ವಿದ್ಯುತ್ ಸಂಕೇತ ಹೊರಡಿಸುತ್ತವೆ), ಇಲ್ಲದಿದ್ದರೆ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಯಾವ ಕೋಶಕ್ಕೆ ಯಾವ ದಿಕ್ಕು ಅಂತ ಗುರುತು ಮಾಡಿಟ್ಟುಕೊಂಡು, ಆಮೇಲೆ ಸೆಕೆಂಡಿನ ಸಣ್ಣ ತುಣುಕಿನಲ್ಲಿ ಯಾವುದು ಎಷ್ಟು ಸಲ ಮಿಡಿಯಿತು ಅಂತ ಎಣಿಸಿ, ಹೀಗೆ ಮಿಡಿಯಬೇಕಾದರೆ ತಲೆ ಯಾವ ಕಡೆಗಿರುವ ಸಂಭವ ಜಾಸ್ತಿ ಅಂತ ಬೇಯ್ಸ್ ಅನ್ನುವ ಗಣಿತಜ್ಞನ ಸಂಭವದ ಸೂತ್ರದಿಂದ ಲೆಕ್ಕ ಹಾಕುತ್ತಾರೆ. 2015ರಲ್ಲಿ ಪೇರಾಶ್, ಬುಜಾಕಿ ಮತ್ತು ಜೊತೆಗಾರರು ಮಲಗಿದ ಸುಂಡಿಲಿಗಳಲ್ಲೂ ಹೀಗೇ ಓದಿದರು. ಕನಸಿನ ನಿದ್ದೆಯಲ್ಲಿ ದಿಕ್ಕು ಎಚ್ಚರದ ವೇಗದಲ್ಲೇ ತಿರುಗುತ್ತಿತ್ತು, ಗಾಢ ನಿದ್ದೆಯಲ್ಲಿ ಸುಮಾರು 10 ಪಟ್ಟು ಜೋರಾಗಿ!

ಕಡಲತಡಿ:
ಸರಿ, ಆದರೆ ಆ ಲೆಕ್ಕಕ್ಕೆ ಸುಮ್ನೆ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಮಿಡಿತ, ಕೊಟ್ಟರೂ ಯಾವುದೋ ಒಂದು ದಿಕ್ಕು ಹೇಳಿಬಿಡುತ್ತದೆ ಅಲ್ವಾ?

ಮೂರುದಾರಿ:
ಹೇಳುತ್ತದೆ. ಅದಕ್ಕೇ ದಿಕ್ಕಿಗಿಂತ ಮೊದಲು ಕೋಶಗಳ ಜೋಡಿಗಳನ್ನು ನೋಡಬೇಕು. ಎಚ್ಚರದಲ್ಲಿ ಒಂದೇ ದಿಕ್ಕಿಗೆ ಒಟ್ಟಿಗೆ ಮಿಡಿಯುವ ಎರಡು ಕೋಶಗಳು ನಿದ್ದೆಯಲ್ಲೂ ಒಟ್ಟಿಗೇ ಮಿಡಿಯುತ್ತವೆ, ಎದುರುಬದುರು ದಿಕ್ಕಿನವು ಆಗಲೂ ಒಂದನ್ನೊಂದು ತಪ್ಪಿಸುತ್ತವೆ. ಬರೀ ಗದ್ದಲವಾಗಿದ್ದರೆ ಈ ಶಿಸ್ತು ಎಲ್ಲಿಂದ ಬರಬೇಕು?

ನನಗೆ ಇನ್ನೂ ಗಟ್ಟಿ ಅನಿಸುವುದು 2019ರ ಕೆಲಸ. ಚೌಧುರಿ, ಫೀಟೆ ಮತ್ತಿತರರು ಲೆಕ್ಕಕ್ಕೆ ಕ್ಯಾಮೆರಾದ ದಿಕ್ಕನ್ನು ಕೊಡಲೇ ಇಲ್ಲ. ಪ್ರತಿ ಕ್ಷಣ ಎಲ್ಲ ಕೋಶಗಳೂ ಎಷ್ಟೆಷ್ಟು ಮಿಡಿದವೋ ಅದನ್ನು ಒಂದು ಚುಕ್ಕಿ ಅಂತ ಇಟ್ಟುಕೊಂಡು, ಚುಕ್ಕಿಗಳೆಲ್ಲ ಸೇರಿ ಯಾವ ಆಕಾರ ಆಗುತ್ತದೆ ಅಂತ ನೋಡಿದರು. ಆಗಿದ್ದು ಒಂದು ಉಂಗುರ. ಅದರ ಮೇಲಿನ ಜಾಗ ಕ್ಯಾಮೆರಾ ಕಂಡ ತಲೆಯ ದಿಕ್ಕಿಗೆ ಸರಿಯಾಗಿ ಹೊಂದಿತು, ಕನಸಿನ ನಿದ್ದೆಯಲ್ಲೂ ಅದೇ ಉಂಗುರ ಉಳಿಯಿತು. ಹಾಗಾಗಿ ನಿದ್ದೆಯಲ್ಲಿ ತಾಳೆ ನೋಡುವುದು ಹೊರಗಿನ ತಲೆಗಲ್ಲ, ಆ ಉಂಗುರಕ್ಕೆ.

ಕಡಲತಡಿ:
ಈಗ ತಿಳಿಯಿತು. ಹಾಗಾದರೆ ಉಂಗುರದಲ್ಲಿ ಉತ್ತರ ದಿಕ್ಕು ಯಾವುದು?

ಮೂರುದಾರಿ:
ಉಂಗುರ ಅದನ್ನು ಹೇಳುವುದಿಲ್ಲ. ಸೊನ್ನೆ ಎಲ್ಲಿ, ಬಲಕ್ಕೆ ತಿರುಗುವುದು ಯಾವ ಕಡೆ ಅನ್ನುವುದನ್ನು ಎಚ್ಚರದ ದಾಖಲೆಯಿಂದಲೇ ಹೊಂದಿಸಬೇಕು. ಅಲ್ಲದೆ ಈ ಕೋಶಗಳು ಭೂಮಿಯ ಉತ್ತರಕ್ಕೆ ಕಟ್ಟುಬಿದ್ದವಲ್ಲ. 1990ರ ಪ್ರಯೋಗದಲ್ಲಿ ಟೌಬ್ ಮತ್ತು ಜೊತೆಗಾರರು ದುಂಡನೆಯ ಗೋಡೆಗೆ ಅಂಟಿಸಿದ್ದ ಬಿಳಿ ಕಾರ್ಡನ್ನು ಸರಿಸಿದಾಗ, ಕೋಶಗಳ ಇಷ್ಟದ ದಿಕ್ಕೂ ಸುಮಾರು ಅಷ್ಟೇ ಸರಿದಿತ್ತು.